ಕಡತದಲ್ಲಿ 'ಸುಧಾರಿಸಿದ್ದಾರೆ' ಎಂದು ಬರೆದೆ

ರೇಣುಕಾ ಅವರೇ — ನಿಮ್ಮ ನಿಜವಾದ ಹೆಸರು ಬರೆಯುವ ಹಕ್ಕು ನನಗಿಲ್ಲ — ನಿಮ್ಮನ್ನು ನನ್ನ ಕೋಣೆಯಿಂದ ಅಟ್ಟಿದವಳು ನಾನೇ. ಅಟ್ಟಿ, ಕಡತದಲ್ಲಿ 'ಸುಧಾರಿಸಿದ್ದಾರೆ' ಎಂದು ಬರೆದು ಸಹಿ ಹಾಕಿದೆ. ಆರು ವರ್ಷವಾಯಿತು.

ಪ್ರತಿ ಗುರುವಾರ ಹೊಲಿಗೆ ಅಂಗಡಿಗೆ ಬಾಗಿಲು ಹಾಕಿ, ಹರಿಹರದಿಂದ ಬಸ್ಸು ಹತ್ತಿ ವಿದ್ಯಾನಗರದ ನನ್ನ ಕೋಣೆಗೆ ಬರುತ್ತಿದ್ದಿರಿ. ಮೊದಮೊದಲು ನಿದ್ದೆ ಬಾರದ್ದು, ಗಂಡನ ಮೇಲೆ ಸುಮ್ಮಸುಮ್ಮನೆ ರೇಗುವುದು — ಇಷ್ಟೇ ಮಾತು. ಆಪ್ತಸಮಾಲೋಚಕಿಯಾಗಿ ನಾನು ಕಲಿತದ್ದು ಕಾಯುವುದನ್ನು. ಇಂದಿನ ಸಿಟ್ಟಿನ ಬೇರು ಬಾಲ್ಯದಲ್ಲೆಲ್ಲೋ ಇರುತ್ತದೆ; ಅವಸರ ಮಾಡದೆ ಜೊತೆಗೆ ಕೂತರೆ ತಾನಾಗಿ ಮಾತಿಗೆ ಬರುತ್ತದೆ. ಬಂತು. ಆರನೆಯ ಗುರುವಾರ ನೀವೆಂದಿರಿ:

"ತಮ್ಮ ಹುಟ್ಟಿದ್ ಮ್ಯಾಲೆ ನಮ್ಮವ್ವ ನನ್ನ ಮಾಯಕೊಂಡಕ್ಕೆ, ಚಿಗವ್ವನ ಮನಿಗೆ ಬಿಟ್ಟು ಹೋದ್ಲು ರೀ. ನಾಕು ವರ್ಷ ನಂಗೆ. ಯಾಕ ನನ್ನೇ ಬಿಟ್ಲು ಮೇಡಂ?"

ಜೊತೆಗೆ ಕೂತಿರಬೇಕಿತ್ತು. ಆದರೆ ನನ್ನನ್ನೂ ಹಾಗೆಯೇ ಅಜ್ಜಿಯ ಮನೆಯಲ್ಲಿ ಬಿಟ್ಟಿದ್ದರು. ಯಾರಿಗೂ ಹೇಳಿರಲಿಲ್ಲ, ನನಗೆ ನಾನೇ ಕೂಡ... ಇನ್ನೊಂದು ಮಾತು ನೀವಾಡಿದ್ದರೆ ಅತ್ತುಬಿಡುತ್ತಿದ್ದೆ. ಅದಕ್ಕೇ ಪಾಠ ಶುರುಮಾಡಿದೆ — ಆಕ್ಸಿಟೋಸಿನ್ ಎಂಬ ಹಾರ್ಮೋನಿದೆ, ಪ್ರೀತಿಯವರನ್ನು ಅಪ್ಪಿಕೊಂಡರೆ ಮೈಯಲ್ಲಿ ಉಕ್ಕುತ್ತದೆ, ಮನಸ್ಸು ಹಗುರಾಗುತ್ತದೆ.

"ಈ ವಾರ ತಾಯಿಯನ್ನು ಒಮ್ಮೆ ತಬ್ಬಿಕೊಳ್ಳಿ. ಎಲ್ಲ ಸರಿಹೋಗುತ್ತೆ."

ನೀವು ನಂಬಿದಿರಿ. ಮುಂದಿನ ವಾರ ಬಂದು ಕುರ್ಚಿಯ ತುದಿಯಲ್ಲಿ ಕೂತಿರಿ. ಸೀರೆಗೆ ಅಂಟಿದ್ದ ದಾರದ ಎಳೆಯೊಂದನ್ನು ಕೀಳುತ್ತಾ ಹೇಳಿದಿರಿ: "ತಬ್ಕೊಂಡೆ ರೀ. 'ಏನೇ ಇದು ಹೊಸಾದು, ಸರಿ ಅತ್ಲಾಗ' ಅಂತ ದಬ್ಬಿದ್ಲು. ನಂದೇ ಏನೋ ತಪ್ಪೈತೆ ಬಿಡ್ರಿ."

ನಾನು ಗಡಿಯಾರ ನೋಡಿದೆ. "ಪ್ರಯತ್ನ ಬಿಡಬೇಡಿ" ಎಂದೆ.

ನೀವು ಮತ್ತೆ ಬರಲಿಲ್ಲ. ನನ್ನ ಕೆಲಸಕ್ಕೆ ಮಾರ್ಗದರ್ಶನ ಮಾಡುವ ಹಿರಿಯರು ಯಾಕೆಂದು ಕೇಳಿದಾಗ, "ಗುಣವಾದರು ಸರ್" ಎಂದೆ. ಅವರು ಮೆಚ್ಚಿ ತಲೆಯಾಡಿಸಿದರು. ಆ ಮೆಚ್ಚುಗೆಯನ್ನೂ ಇಟ್ಟುಕೊಂಡೆ.

ಕಳೆದ ತಿಂಗಳು ಅವರಿಗೆ ನಿಜ ಹೇಳಿದೆ. ಈಗ ವಾರಕ್ಕೊಮ್ಮೆ ನಾನೂ ಬೇರೊಬ್ಬ ಚಿಕಿತ್ಸಕಿಯ ಮುಂದೆ ಕೂರುತ್ತೇನೆ. ನಾನು ಅಳುವಾಗ ಆಕೆ ಏನನ್ನೂ ಬೋಧಿಸುವುದಿಲ್ಲ, ಜೊತೆಗಿರುತ್ತಾರೆ. ನಿಮಗೆ ಸಿಗಬೇಕಿದ್ದದ್ದು ನನಗೆ ಸಿಗುತ್ತಿದೆ — ಹಾಗೆನ್ನಿಸಿದಾಗೆಲ್ಲ ನಾಚಿಕೆಯಾಗುತ್ತದೆ.

ಹಾರ್ಮೋನಿನ ಬಗ್ಗೆ ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಿಮ್ಮ ಬಾಯಿ ಮುಚ್ಚಿಸಲು ಅದನ್ನು ಹೇಳಿದೆ. ನಾಲ್ಕು ವರ್ಷದ ಆ ಹುಡುಗಿಯದು ಏನೂ ತಪ್ಪಿರಲಿಲ್ಲ, ರೇಣುಕಾ. ಇಷ್ಟೇ ಮಾತು ಅವತ್ತು ಸಾಕಾಗುತ್ತಿತ್ತು — ನನ್ನ ಬಾಯಲ್ಲೇ ಇತ್ತು. ಆಡಲಿಲ್ಲ.