ಪಾಡ್ವಾಕ್ಕೆ ಕಟ್ಟುವ ಇನ್ಶೂರೆನ್ಸ್

ನಮ್ಮ ಕಾರಿನ ಇನ್ಶೂರೆನ್ಸನ್ನು ನನ್ನ ಗಂಡ ಗುಡಿ ಪಾಡ್ವಾದ, ಅಂದರೆ ಮರಾಠಿ ಯುಗಾದಿಯ ದಿನವೇ ಕಟ್ಟುತ್ತಿದ್ದರು. ಕಾರು ಕೊಂಡದ್ದೂ ಪಾಡ್ವಾದಂದೇ. ಮುಂಬಯಿ ಪಕ್ಕದ ಈ ಠಾಣೆಯಲ್ಲಿ ಅರ್ಧ ಊರು ಅದೇ ದಿನ ಗಾಡಿ ಮನೆಗೆ ತರುತ್ತದೆ. ಶೋರೂಮಿನವರು ಕೀಲಿಕೈ ಜೊತೆ ಪೇಢೆಯ ಡಬ್ಬಿಯನ್ನೂ ಕೊಡುತ್ತಾರೆ. ನಾವು ಉಡುಪಿ ಕಡೆಯವರು. ನಮ್ಮ ಹೊಸ ವರ್ಷ ಏಪ್ರಿಲ್ ನಡುವಿನ ಬಿಸು ಹಬ್ಬಕ್ಕೆ. ಆದರೆ ಠಾಣೆಯ ಕೋಪರಿಯಲ್ಲಿ ಅಷ್ಟು ಕಾಲ ಬದುಕಿದ ಮೇಲೆ ಅವರಿಗೆ ಮರಾಠಿಗರ ಪಾಡ್ವಾವೇ ಹೆಚ್ಚು ಶುಭವಾಗಿ ಕಾಣತೊಡಗಿತ್ತು. ಆ ದಿನ ಬೆಳಿಗ್ಗೆ ಕಾರು ತೊಳೆದು, ಬಾನೆಟ್ಟಿಗೆ ಚೆಂಡುಹೂವಿನ ಹಾರ ಹಾಕಿ, ಏಜೆಂಟನನ್ನು ಕರೆಸಿ, ಚೆಕ್ ಬರೆದುಕೊಡುವುದು. ದೇವರಿಗೆ ಹಾರ, ಕಂಪೆನಿಗೆ ಚೆಕ್ ಎಂದು ನಗುತ್ತಿದ್ದರು. ಅವರು ತೀರಿಕೊಂಡ ಮೇಲೆ ನಾನೂ ಹಾಗೆಯೇ ನಡೆಸಿಕೊಂಡು ಬಂದೆ. ಅದು ಭಕ್ತಿಯಿಂದಲ್ಲ, ಫ್ರಾಂಕ್ಲಿ. ಬೇರೆ ರೀತಿ ಇರಬಹುದೆಂದು ತೋಚಲೇ ಇಲ್ಲ.

ಡ್ರೈವಿಂಗನ್ನು ನಾನು ಕಲಿತದ್ದು ಐವತ್ತು ದಾಟಿದ ಮೇಲೆ. ಸ್ಟೇಷನ್ನಿನ ಹತ್ತಿರದ ಮೋಟಾರ್ ಟ್ರೇನಿಂಗ್ ಸ್ಕೂಲಿನಲ್ಲಿ ನನ್ನ ಜೊತೆಗಿದ್ದವರೆಲ್ಲ ಕಾಲೇಜು ಹುಡುಗರು. "ಕಾನ್ವೆಂಟ್ ಹುಡುಗಿ ನೋಡು, ಗೇರ್ ಹಾಕುವಾಗಲೂ ಎಕ್ಸ್‌ಕ್ಯೂಸ್ ಮಿ ಅಂತಾಳೆ" ಎಂದು ನನ್ನ ಗಂಡ ಎಲ್ಲರೆದುರು ಚೇಷ್ಟೆ ಮಾಡುತ್ತಿದ್ದರು. ಹೋಗಲಿ, ಲೈಸೆನ್ಸ್ ಮಾತ್ರ ಮೊದಲ ಟೆಸ್ಟಿನಲ್ಲೇ ಸಿಕ್ಕಿತು.

ಈಗ ಹೇಳುತ್ತಿರುವುದು ಅವರಿಲ್ಲದ ವರ್ಷಗಳ ಮಾತು. ಮನೆಯಲ್ಲಿ ನಾವು ಮೂವರು: ಮಗಳು, ನಾಲ್ಕನೇ ಇಯತ್ತೆಯ ಮೊಮ್ಮಗಳು, ನಾನು. ಅಳಿಯ ಬೇರೆಯಾಗಿದ್ದ, ಅದರ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಮಗಳಿಗೆ ವಾಶಿಯಲ್ಲಿ ಆಫೀಸು. ಬೆಳಿಗ್ಗೆ ಏಳಕ್ಕೆಲ್ಲ ಟಿಫಿನ್ ಡಬ್ಬಿ ಹಿಡಿದು ಟ್ರೇನಿಗೆ ಓಡುವಳು, ಬರುವಾಗ ಕತ್ತಲು. ಮಗುವಿನ ಶಾಲೆ ನನ್ನ ಹಟದಿಂದ ಆರಿಸಿದ್ದು, ನನ್‌ಗಳ ಶಾಲೆ, ಸೇತುವೆಯ ಆಚೆ ಠಾಣೆ ವೆಸ್ಟಿನಲ್ಲಿ. ಶಾಲೆಯ ಬಸ್ಸು ಕೋಪರಿಯ ಗಲ್ಲಿಗಳಿಗೆ ಬರುತ್ತಿರಲಿಲ್ಲ. ವ್ಯಾನ್ ಒಂದಿತ್ತು. ಅದರಲ್ಲಿ ಮಕ್ಕಳನ್ನು ಉಪ್ಪಿನಕಾಯಿ ಭರಣಿಗೆ ಮಾವಿನಮಿಡಿ ತುಂಬಿದ ಹಾಗೆ ತುಂಬುತ್ತಿದ್ದರು. ನನ್ನ ಮೊಮ್ಮಗಳು ಅದರಲ್ಲಿ ಹೋಗುವುದು ಬೇಡ ಎಂದು ನಾನು ಮೊದಲೇ ತೀರ್ಮಾನಿಸಿದ್ದೆ.

ಹಾಗಾಗಿ ನಾನೇ ಡ್ರೈವರ್. ನಮ್ಮ ಮೇಲಿನ ಮಹಡಿಯಲ್ಲಿ ಬಾಗಲಕೋಟೆ ಕಡೆಯ ಕುಟುಂಬವೊಂದಿತ್ತು. ಯಜಮಾನರಿಗೆ ಭಿವಂಡಿಯಲ್ಲಿ ಬಟ್ಟೆ ವ್ಯಾಪಾರ. ಅವರ ಇಬ್ಬರು ಹುಡುಗಿಯರೂ ಅದೇ ಶಾಲೆ. ದೊಡ್ಡವಳು ನಮ್ಮವಳ ಕ್ಲಾಸಿನಲ್ಲೇ. ಅವರನ್ನೂ ನಾನೇ ಕರೆದೊಯ್ಯುತ್ತಿದ್ದೆ. ತಾಯಿ ಪ್ರತಿ ತಿಂಗಳು ಪೆಟ್ರೋಲಿಗೆಂದು ಅರಿಸಿನ ಹಚ್ಚಿದ ಲಕೋಟೆ ಕೊಡುವಳು. ಬೇಡವೆನ್ನುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಆ ಬೆಳಗಿನ ಅರ್ಧ ಗಂಟೆಗಾಗಿ ನಾನು ಉಳಿದ ದಿನವನ್ನು ಹೇಗೋ ಕಳೆಯುತ್ತಿದ್ದೆ ಎಂದರೆ ಉತ್ಪ್ರೇಕ್ಷೆಯಲ್ಲ. ಮನೆಯಲ್ಲಿ ಮಗು ಮಾತಾಡುತ್ತಿರಲಿಲ್ಲ. ಹೋಮ್‌ವರ್ಕ್, ಟೀವಿ, ನಿದ್ದೆ. ಕಾರಿನ ಹಿಂದಿನ ಸೀಟಿನಲ್ಲಿ ಮಾತ್ರ ಆ ಮೂವರೂ ಹಿಂದಿ-ಮರಾಠಿ ಕಲಸಿ ಲೋಕದ ಸುದ್ದಿಯನ್ನೆಲ್ಲ ಹರಡುವರು: ಯಾವ ಟೀಚರ್ ಅತ್ತರು, ಯಾರ ಡಬ್ಬಿಯಲ್ಲಿ ಮ್ಯಾಗಿ, ಯಾರು ಯಾರ ಜೊತೆ ಟೂ ಬಿಟ್ಟು ಕಟ್ಟಿ. ನಾನು ಕನ್ನಡದಲ್ಲಿ ಕೇಳಿದರೆ ಮಗು ಹಿಂದಿಯಲ್ಲಿ ಉತ್ತರಿಸುವಳು. ಸೇತುವೆಯ ಮೇಲೆ ಟ್ರಾಫಿಕ್ ನಿಂತಷ್ಟೂ ನನಗೆ ಲಾಭ. ಕನ್ನಡಿಯಲ್ಲಿ ಅವಳ ಮುಖ ಕಾಣುತ್ತಿತ್ತು.

ಮಾರ್ಚ್ ಬಂತೆಂದರೆ ಎಲ್ಲ ಒಟ್ಟಿಗೆ. ಮುಂದಿನ ವರ್ಷದ ಶಾಲೆಯ ಫೀಸು, ಹೌಸಿಂಗ್ ಸೊಸೈಟಿಯ ಬಾಕಿ, ಅದರ ಬೆನ್ನಿಗೆ ಇನ್ಶೂರೆನ್ಸ್. ನನಗಿದ್ದದ್ದು ಫ್ಯಾಮಿಲಿ ಪೆನ್ಷನ್. ಮಗಳ ಸಂಬಳದಲ್ಲಿ ಹೆಚ್ಚಿನದು ಫ್ಲ್ಯಾಟಿನ ಇಎಂಐಗೆ.

"ಅಮ್ಮಾ, ಬಿ ಪ್ರಾಕ್ಟಿಕಲ್" ಎನ್ನುವಳು ಮಗಳು. "ಆ ಪ್ರೀಮಿಯಂ ದುಡ್ಡಲ್ಲಿ ಇಡೀ ವರ್ಷ ವ್ಯಾನ್ ಆಗ್ತದೆ. ಕಾರು ಮಾರು. ನಿಂಗೂ ಆರಾಮ್, ನಂಗೂ ಟೆನ್ಷನ್ ಇಲ್ಲ."

"ನಿನ್ನ ಹತ್ರ ಕೇಳಿದೆನಾ ದುಡ್ಡು?"

"ಕೇಳದೆ ಎಲ್ಲಿಂದ ತರ್ತೀ?"

ಕೇಳದೆ ತರಬೇಕೆಂದು ಆ ವರ್ಷ ನಿಶ್ಚಯಿಸಿದೆ. ಒಮ್ಮೆ ಅವಳಿಂದ ತೆಗೆದುಕೊಂಡರೆ ಕಾರಿನ ಮೇಲಿನ ಮಾತು ಅವಳದಾಗುತ್ತದೆ ಎಂದು ನನಗೆ ಗೊತ್ತಿತ್ತು. ಮೊದಲು ನ್ಯೂಸ್‌ಪೇಪರ್ ನಿಲ್ಲಿಸಿದೆ. ಕನ್ನಡಕದ ಹೊಸ ನಂಬರನ್ನು ಮುಂದಕ್ಕೆ ಹಾಕಿದೆ. ಮಾಟುಂಗಾಕ್ಕೆ ಹೋಗಿ ಕಾಫಿಪುಡಿ ತರುವುದನ್ನು ಬಿಟ್ಟು ಎದುರಿನ ಅಂಗಡಿಯ ಪ್ಯಾಕೆಟ್ ಪುಡಿಗೆ ಒಗ್ಗಿಕೊಂಡೆ. ಪಾಡ್ವಾದ ಹೊತ್ತಿಗೆ ಚೆಕ್ ಬರೆಯುವಷ್ಟಾಗಿತ್ತು. ಒಂದು ಬಗೆಯ ಹೆಮ್ಮೆಯೂ ಇತ್ತು.

ಆ ಬೆಳಿಗ್ಗೆ ಕಾರಿಗೆ ಹಾರ ಹಾಕಿ ಮುಗಿಯುವಷ್ಟರಲ್ಲಿ ಏಜೆಂಟ್ ಬಂದ. ನಮ್ಮ ಊರಿನವನೇ, ಅಣ್ಣಂದಿರು ಸ್ಟೇಷನ್ ರೋಡಿನಲ್ಲಿ ಹೋಟೆಲು ನಡೆಸುತ್ತಿದ್ದರು, ಇವನು ಕೌಂಟರಿನಲ್ಲಿ ಕೂರಲಾರದೆ ಇನ್ಶೂರೆನ್ಸಿಗೆ ಇಳಿದವನು. ಹಳೆಯ ಪಾಲಿಸಿಯ ಕಾಗದ ತಿರುವಿ ನೋಡಿದವನ ಕೈಯಲ್ಲಿದ್ದ ಶ್ರೀಖಂಡದ ಬಟ್ಟಲು ಅಲ್ಲೇ ನಿಂತಿತು.

"ಎಂತ ಆಂಟಿ ಇದು? ಪಾಲಿಸಿ ಮೊನ್ನೆಯೇ ಮುಗಿದಿದೆ ಅಲ್ವಾ?"

"ಹೇಗೆ ಮುಗಿಯುತ್ತದೆ? ಪಾಡ್ವಾ ಇವತ್ತು."

"ಪಾಡ್ವಾ ಇವತ್ತೇ. ಕಂಪೆನಿಗೆ ಪಾಡ್ವಾ ಉಂಟಾ ಆಂಟಿ? ಅವರಿಗೆ ತಾರೀಕು ಮಾತ್ರ."

"ಮತ್ತೆ ನೀನು ಮೊದಲೇ ಯಾಕೆ ಬರಲಿಲ್ಲ?"

ಅವನು ತಲೆ ಕೆರೆದುಕೊಂಡ. "ಅಂಕಲ್ ಹೇಳಿದ್ರಲ್ಲ, ಪಾಡ್ವಾಕ್ಕೆ ಬಾ ಅಂತ. ನಾನೂ ಹಾಗೇ ಬಂದೆ."

ವಿಷಯ ಇಷ್ಟೆ. ಹಬ್ಬ ಚಂದ್ರನ ಲೆಕ್ಕದಲ್ಲಿ ಬರುತ್ತದೆ, ಪಾಲಿಸಿ ಇಂಗ್ಲಿಷ್ ಕ್ಯಾಲೆಂಡರಿನಲ್ಲಿ. ಕಾರು ಕೊಂಡ ವರ್ಷ ಪಾಡ್ವಾ ತಡವಾಗಿ ಬಿದ್ದಿತ್ತು. ಆಮೇಲಿನ ಪ್ರತಿ ವರ್ಷವೂ ಅದು ಪಾಲಿಸಿಯ ತಾರೀಕಿಗಿಂತ ಒಂದಿಷ್ಟು ಮೊದಲೇ ಬರುತ್ತಿದ್ದುದರಿಂದ ನಾವು ಬಚಾವಾಗುತ್ತಿದ್ದೆವು. ಹಿಂದಿನ ವರ್ಷ ಅಧಿಕ ಮಾಸ ಬಂತು. ಈ ಸಲದ ಪಾಡ್ವಾ ತಾರೀಕನ್ನು ದಾಟಿ ಆಚೆ ಹೋಯಿತು. ಅದನ್ನು ಗಂಡ ಯೋಚಿಸಿರಲಿಲ್ಲ, ಏಜೆಂಟ್ ಯೋಚಿಸಿರಲಿಲ್ಲ, ಮಿಷನರಿ ಶಾಲೆಯಲ್ಲಿ ಗಣಿತಕ್ಕೆ ಬಹುಮಾನ ಪಡೆದ ನಾನೂ ಯೋಚಿಸಿರಲಿಲ್ಲ. ಹಬ್ಬದ ಹಿಂದಿನ ದಿನ ಪರೀಕ್ಷೆಯಿತ್ತು. ಮೂರು ಮಕ್ಕಳನ್ನು ಕೂರಿಸಿಕೊಂಡು ಸೇತುವೆ ದಾಟಿ ಹೋಗಿ ಬಂದಿದ್ದೆ. ಏನೂ ಆಗಿರಲಿಲ್ಲ. ಆದರೂ ಆ ಮಧ್ಯಾಹ್ನ ಕಾರಿನ ಕೀಲಿಕೈಯನ್ನು ತೆಗೆದು ಕಪಾಟಿನೊಳಗಿಟ್ಟೆ.

ಪಾಲಿಸಿ ಒಮ್ಮೆ ತುಂಡಾದರೆ ಕಂಪೆನಿಯ ಮನುಷ್ಯ ಬಂದು ಕಾರನ್ನು ನೋಡಿ, ಫೋಟೋ ತೆಗೆದುಕೊಂಡು ಹೋಗಬೇಕು. ಅದಾಗುವ ತನಕ ಗಾಡಿ ತೆಗೆಯುವಂತಿಲ್ಲ. ಮಾರನೆಯ ದಿನ ಮೇಲಿನ ಮನೆಯಾಕೆಯೇ ಮಕ್ಕಳನ್ನು ರಿಕ್ಷಾದಲ್ಲಿ ಬಿಟ್ಟುಬಂದಳು. ಕಾರಿಗೆ ಸ್ವಲ್ಪ ರಿಪೇರಿ ಎಂದಷ್ಟೇ ಹೇಳಿದ್ದೆ. ಹತ್ತು ಗಂಟೆಗೆ ಏಜೆಂಟ್ ಆ ಮನುಷ್ಯನನ್ನು ಕರೆದುಕೊಂಡು ಬಂದ. ಕ್ಯಾಮೆರಾ ತೆಗೆದ ಆತ, "ಆಂಟಿ, ಆಜ್ ಕಾ ಪೇಪರ್ ದೋ" ಎಂದ. ಫೋಟೋ ಇವತ್ತಿನದೇ ಎಂದು ತೋರಿಸಲು ಬಾನೆಟ್ಟಿನ ಮೇಲೆ ಅಂದಿನ ಪತ್ರಿಕೆ ಇರಬೇಕಂತೆ. ನಾನು ಪೇಪರ್ ನಿಲ್ಲಿಸಿ ತಿಂಗಳುಗಳಾಗಿದ್ದವು.

ಮೇಲಿನ ಮನೆಗೆ ಹತ್ತಿ, ಬೆಲ್ ಒತ್ತಿ ಪೇಪರ್ ಕೇಳಿದೆ.

"ಪೇಪರ್ ಯಾಕ ಬೇಕಾತ್ರಿ ಅಜ್ಜಿ, ಅವಸರಲೇ? ರಾಶಿ ಭವಿಷ್ಯ ನೋಡಾಕೇನ್ರಿ?"

"ಕಾರಿನ ಫೋಟೋ ತೆಗೆಯುವುದಕ್ಕೆ. ಪೇಪರ್ ಜೊತೆ ಇಟ್ಟು."

"ಯವ್ವಾ! ಸಿನಿಮಾದಾಗ ಕಿಡ್ನ್ಯಾಪ್ ಆದೋರ್ದು ಹಂಗ ತಗೀತಾರಲ್ರಿ!" ಎನ್ನುತ್ತ ಆಕೆಯೂ ಪತ್ರಿಕೆ ಹಿಡಿದು ನನ್ನ ಹಿಂದೆಯೇ ಇಳಿದು ಬಂದಳು. ತಾನೇ ಅದನ್ನು ಬಾನೆಟ್ಟಿನ ಮೇಲೆ ಹಾರಿಹೋಗದಂತೆ ಒತ್ತಿ ಹಿಡಿದಳು. ಅವಳ ಹಸಿರು ಬಳೆಗಳೂ ಕಂಪೆನಿಯ ಫೈಲಿಗೆ ಸೇರಿರಬೇಕು.

ಆ ಮನುಷ್ಯ ಬಾಗಿಲ ಕೆಳಗಿನ ತುಕ್ಕನ್ನು ಉಗುರಿನಿಂದ ಕೆರೆದ. ಎಡಮಗ್ಗುಲಿನ ಪೆಟ್ಟನ್ನು ತಟ್ಟಿ ನೋಡಿದ. ಇದನ್ನೆಲ್ಲ ಸರಿಮಾಡಿಸದೆ ಫುಲ್ ಪಾಲಿಸಿ ಆಗುವುದಿಲ್ಲ ಎಂದು ಹೇಳಿ ಹೊರಟುಹೋದ. ಸರಿಮಾಡಿಸುವ ಪ್ರಶ್ನೆಯೇ ಇರಲಿಲ್ಲ.

"ಹಾಗಾದ್ರೆ ಥರ್ಡ್ ಪಾರ್ಟಿ ಮಾಡುವ ಆಂಟಿ" ಎಂದ ಏಜೆಂಟ್. "ಅದಕ್ಕೆ ಇದೆಲ್ಲ ಬೇಡ. ಕಾರಿಗೆ ಏನಾದ್ರೂ ಆದ್ರೆ ಕೊಡುವುದಿಲ್ಲ, ಅಷ್ಟೇ. ದುಡ್ಡೂ ಕಡಿಮೆ." ಅವನು ಹೇಳಿದ ಮೊತ್ತ ನಾನು ಕೂಡಿಟ್ಟದ್ದರ ಅರ್ಧವೂ ಇರಲಿಲ್ಲ.

"ಇದನ್ನು ಇಷ್ಟು ವರ್ಷ ಯಾಕೆ ಹೇಳಲಿಲ್ಲ ಮಾರಾಯ?"

"ಅಂಕಲಿಗೆ ಫುಲ್ಲೇ ಬೇಕಿತ್ತು. ನೀವೂ ಕೇಳಲಿಲ್ಲ."

ಪೇಪರ್ ಮಡಚುತ್ತಿದ್ದ ಮೇಲಿನ ಮನೆಯಾಕೆ ನಡುವೆ ಬಾಯಿ ಹಾಕಿದಳು. "ಈ ಥರ್ಡ್ ಪಾರ್ಟಿ ಅಂದ್ರ ಯಾರ್ರೀ?"

"ಹೊರಗಿನವರು ಅಕ್ಕ. ರಸ್ತೆಯಲ್ಲಿ ನಡೆಯುವವರು, ಎದುರಿನ ಗಾಡಿಯವರು."

"ಮತ್ತ ಒಳಗ ಕುಂತ ಹುಡುಗ್ರು?"

ಏಜೆಂಟ್ ನನ್ನತ್ತ ನೋಡಿದ. ಥಟ್ಟನೆ ತುಳುವಿಗೆ ತಿರುಗಿ, ಈಕೆಯ ಹತ್ತಿರ ಪೆಟ್ರೋಲಿಗೆ ದುಡ್ಡು ತೆಗೆದುಕೊಳ್ಳುತ್ತೀರಾ ಎಂದು ಕೇಳಿದ. ಹೌದೆಂದೆ. ಹಾಗಾದರೆ ಯಾರಿಗೂ ಹೇಳಬೇಡಿ ಎಂದ. ಖಾಸಗಿ ಕಾರಿನಲ್ಲಿ ಹಣ ತೆಗೆದುಕೊಂಡು ಮಕ್ಕಳನ್ನು ಸಾಗಿಸುತ್ತೀರೆಂದು ತಿಳಿದರೆ, ಏನಾದರೂ ಆದ ದಿನ ಕಂಪೆನಿ ಕೈ ತೊಳೆದುಕೊಳ್ಳುತ್ತದೆ. ಫುಲ್ ಪಾಲಿಸಿ ಇದ್ದಾಗಲೂ ಅದೇ ಕಥೆಯಾಗುತ್ತಿತ್ತು. ಕೇಳುವವರಿಲ್ಲ, ಸುಮ್ಮನಿದ್ದರೆ ಆಯಿತು. ಆಕೆಗೆ ತುಳು ಬಾರದು. ನಮ್ಮಿಬ್ಬರ ಮುಖವನ್ನು ಬದಲಿಸಿ ಬದಲಿಸಿ ನೋಡಿ, "ಏನಂತ್ರಿ ಅವ್ರು?" ಎಂದಳು.

ಸುಮ್ಮನಿರುವುದು ಬಹಳ ಸುಲಭವಿತ್ತು. ಹೇಳಿದರೆ ಲಕೋಟೆ ನಿಲ್ಲುತ್ತದೆ, ಹಿಂದಿನ ಸೀಟು ಖಾಲಿಯಾಗುತ್ತದೆ ಎಂದು ಆ ಕ್ಷಣವೇ ಗೊತ್ತಿತ್ತು. ಆದರೂ ಕನ್ನಡಿಯಲ್ಲಿ ದಿನವೂ ಆ ಹುಡುಗಿಯರ ಮುಖ ನೋಡಬೇಕಾದವಳು ನಾನು. ಏಜೆಂಟ್ ಹೇಳಿದ್ದನ್ನೆಲ್ಲ ಹಾಗೆಯೇ ಕನ್ನಡದಲ್ಲಿ ಹೇಳಿದೆ. ಹಬ್ಬದ ಹಿಂದಿನ ದಿನ ಪಾಲಿಸಿಯಿಲ್ಲದೆ ಓಡಿಸಿದ್ದನ್ನೂ ಹೇಳಿದೆ. ಅವನು ಬೇರೆಲ್ಲೋ ನೋಡುತ್ತ ಹೆಲ್ಮೆಟ್ಟಿನ ಪಟ್ಟಿ ಬಿಗಿಯತೊಡಗಿದ.

"ನಮ್ಮ ಮನಿಯವ್ರಿಗೆ ಕೇಳ್ತೀನ್ರಿ" ಎಂದಷ್ಟೇ ಹೇಳಿ ಆಕೆ ಮೇಲೆ ಹೋದಳು.

ಸಂಜೆ ಒಂದು ತಟ್ಟೆ ಹೋಳಿಗೆ ಹಿಡಿದು ಬಂದಳು. "ಸಿಟ್ಟಾಗಬ್ಯಾಡ್ರಿ ಅಜ್ಜಿ. ಜೂನದಿಂದ ಹುಡುಗ್ರನ್ನ ವ್ಯಾನಿಗೆ ಹಚ್ಚಬೇಕಂತ ಮಾಡೀವಿ."

"ಆ ವ್ಯಾನಿನವನಿಗೆ ಇನ್ಶೂರೆನ್ಸ್ ಇದೆ ಅಂತ ಯಾರು ಹೇಳಿದರು?"

"ಅದೇನ ಗೊತ್ತಿಲ್ರಿ. ಆದ್ರ ನಾಳೆ ಏನಾರ ಆತಂದ್ರ ಅವಂಗ ಬಾಯಿ ತುಂಬ ಬೈಬಹುದು. ನಿಮಗ ಹ್ಯಾಂಗ ಬೈಲ್ರೀ?"

ತಟ್ಟೆ ತೆಗೆದುಕೊಂಡೆ. ಹೋಳಿಗೆ ಚೆನ್ನಾಗಿತ್ತು. ರಾತ್ರಿಯ ಊಟಕ್ಕೆ ಕೂತಾಗ ಮಗಳಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. "ಅವನ ಮಾತನ್ನು ತುಳುವಿನಲ್ಲೇ ಬಿಡಬಹುದಿತ್ತಲ್ಲ ಅಮ್ಮಾ" ಎಂದಳು.

ಜೂನಿನಿಂದ ಕಾರಿನಲ್ಲಿ ನಾವಿಬ್ಬರೇ. ಥರ್ಡ್ ಪಾರ್ಟಿ ಕಟ್ಟಿ ಉಳಿದ ಹಣ ಪೆಟ್ರೋಲಿಗೆ ಸಾಕಾಗುತ್ತಿತ್ತು. ನ್ಯೂಸ್‌ಪೇಪರ್ ಮತ್ತೆ ತರಿಸಿಕೊಂಡೆ. ಲೆಕ್ಕದ ಪ್ರಕಾರ ನಾನು ಗೆದ್ದಿದ್ದೆ: ಕಾರು ಇತ್ತು, ಪಾಲಿಸಿ ಇತ್ತು, ಮಗು ಇದ್ದಳು. ಆದರೆ ಹಿಂದಿನ ಸೀಟಿನ ಒಂದು ಮೂಲೆಯಲ್ಲಿ ಬ್ಯಾಗನ್ನು ತಬ್ಬಿಕೊಂಡು ಕೂರುವ ಅವಳಿಗೆ ಮಾತೇ ಇರುತ್ತಿರಲಿಲ್ಲ. ಮುಂದೆ ಬಂದು ಕೂರು ಎಂದರೆ ಬಂದು ಕೂರುವಳು, ಕಿಟಕಿಯಾಚೆ ನೋಡುವಳು. ಸ್ಪೆಲ್ಲಿಂಗ್ ಕೇಳಿದರೆ ಹೇಳುವಳು. ಕತೆ ಹೇಳಲೇ ಎಂದರೆ, "ಹೇಳು" ಎನ್ನುವಳು, ಡೆಂಟಿಸ್ಟಿನ ಎದುರು ಬಾಯಿ ತೆರೆದ ಹಾಗೆ. ಅವಳು ಅಷ್ಟು ದಿನ ಮಾತಾಡುತ್ತಿದ್ದುದು ಆ ಇಬ್ಬರ ಜೊತೆ, ನಾನು ಸ್ಟಿಯರಿಂಗ್ ಹಿಡಿದು ಕೇಳಿಸಿಕೊಳ್ಳುತ್ತಿದ್ದೆನಷ್ಟೆ ಎಂದು ಅರ್ಥವಾಗಲು ಮಳೆಗಾಲದ ಬಹುಭಾಗ ಬೇಕಾಯಿತು.

ಒಂದು ದಿನ ಶಾಲೆಯ ಗೇಟಿನ ಬಳಿ, ಇಳಿಯುವ ಮುನ್ನ ಅವಳೇ ಕೇಳಿದಳು. "ಅಜ್ಜಿ, ಮೈ ಭೀ ವ್ಯಾನ್ ಮೇ ಜಾಊಂ?"

"ಯಾಕೆ? ಅಲ್ಲಿ ಕೂರಲಿಕ್ಕೆ ಜಾಗ ಇಲ್ಲ. ಇಲ್ಲಿ ಎಷ್ಟು ಜಾಗ ಉಂಟು ನೋಡು."

"ಹಾಂ, ವಹೀ ತೋ" ಎಂದಳು, ಇಲ್ಲಿ ಜಾಗ ಇಷ್ಟೊಂದು ಇರುವುದೇ ತಪ್ಪು ಎಂಬಂತೆ. "ಯಹಾಂ ಜಗಾ ಬಹುತ್ ಹೈ."

ಗಣಪತಿ ಹಬ್ಬದ ರಜೆಯ ನಂತರ ಅವಳು ವ್ಯಾನಿಗೆ ಸೇರಿದಳು. ನಾನು ಎರಡು ದಿನಕ್ಕೊಮ್ಮೆ, ಬ್ಯಾಟರಿ ಇಳಿಯಬಾರದೆಂದು, ಕಾರು ತೆಗೆದು ಸೇತುವೆಯ ತನಕ ಹೋಗಿ ಬರುತ್ತಿದ್ದೆ. ಶಾಲೆಯ ಸಮಯಕ್ಕೆ ಹೋಗುತ್ತಿದ್ದುದು ಹಳೆಯ ಅಭ್ಯಾಸ, ಬೇರೇನಲ್ಲ. ಒಂದು ಬೆಳಿಗ್ಗೆ ಟ್ರಾಫಿಕ್ಕಿನಲ್ಲಿ ನನ್ನ ಮುಂದೆಯೇ ಆ ವ್ಯಾನ್ ನಿಂತಿತ್ತು. ಹಿಂದಿನ ಗಾಜಿಗೆ ಮೂಗು ಒತ್ತಿದ ಮೂರು ಮುಖಗಳು. ನಮ್ಮವಳು ಬೆರಳು ತೋರಿಸಿ ಏನೋ ಹೇಳಿದಳು, ಮೂವರೂ ಕೈ ಬೀಸಿದರು. ಬಳಿಕ ಅವಳು ಅತ್ತ ತಿರುಗಿ ಮಾತಿಗೆ ತೊಡಗಿದಳು. ಕೈ, ಕತ್ತು, ಜಡೆ ಎಲ್ಲ ಆಡಿಸಿ ಹೇಳುತ್ತಿದ್ದಳು. ಎರಡು ಗಾಜುಗಳ ಈಚೆಗಿದ್ದ ನನಗೆ ಕೇಳಿಸುತ್ತಿರಲಿಲ್ಲ. ಸಂತೋಷದ ಸುದ್ದಿಯೇ ಇರಬೇಕು. ಹಸಿರು ಬಿದ್ದು ವ್ಯಾನ್ ಮುಂದೆ ಹೋಯಿತು. ಹಿಂದಿನವರು ಹಾರ್ನ್ ಹೊಡೆದ ಮೇಲೆ ನಾನೂ ಗೇರ್ ಹಾಕಿದೆ.

ಆ ವಾರವೇ ಏಜೆಂಟನಿಗೆ ಫೋನ್ ಮಾಡಿ ಗಿರಾಕಿ ಹುಡುಕಲು ಹೇಳಿದೆ. ಕಲ್ಯಾಣದ ಒಬ್ಬ ಮೇಷ್ಟ್ರು ಬಂದು ನೋಡಿ ಒಪ್ಪಿಕೊಂಡರು. ಪಾಲಿಸಿಯಲ್ಲಿ ಇನ್ನೂ ಆರು ತಿಂಗಳು ಬಾಕಿಯಿತ್ತು, ಅದನ್ನು ಅವರ ಹೆಸರಿಗೆ ಮಾಡಿಕೊಟ್ಟೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆಯೇ ಎಂದು ಕೇಳಿದೆ. ಇದ್ದಾರೆ, ಇಬ್ಬರು, ಶಾಲೆ ದೂರ ಎಂದರು.