ಗಡಿಕಲ್ಲನ್ನು ಎಳೆಯುವ ಮಗ್ಗ

ಕೋಳಿ ಕೂಗುವ ಹೊತ್ತಿಗೇ ಮುದಿ ನೇಕಾರ ಸೆನ್ಯೊ ಅಗ್ಬೊಜಾ ಮಗ್ಗಕ್ಕೆ ಕೂತಾಗಿದೆ. ಮಗ್ಗ ಘಾನಾ ದೇಶದ ಕಡೆಯ ಅಂಗಳದಲ್ಲಿದೆ. ಹಾಸಿನ ದಾರಗಳು ಅಂಗಳ ದಾಟಿ, ಕಾಲುದಾರಿ ದಾಟಿ, ಟೋಗೋ ದೇಶದ ಬೇವಿನ ಮರದವರೆಗೂ ಚಾಚಿಕೊಂಡಿವೆ. ಅತ್ತ ತುದಿಯಲ್ಲಿ ಒಂದು ಹಲಗೆ, ದಾರ ಬಿಗಿಯಾಗಿರಲೆಂದು ಅದರ ಮೇಲೊಂದು ಕಲ್ಲು. ನೆಯ್ದಷ್ಟೂ ಕಲ್ಲು ಇತ್ತ ಜಾರುತ್ತದೆ.

"ನೆಲ ಸಮ ಇರೋದೇ ಆ ಕಡೆಗೆ. ನಾನೇನು ಮಾಡ್ಲಿ?" ಎನ್ನುತ್ತಾರೆ ಸೆನ್ಯೊ, ಲಾಳಿ ನಿಲ್ಲಿಸದೆ.

ಅವರ ಅಜ್ಜನ ಕಾಲದಲ್ಲಿ ಇಲ್ಲಿ ಜರ್ಮನ್ನರ ದರ್ಬಾರು. ಅವರು ಯುದ್ಧದಲ್ಲಿ ಸೋತದ್ದೇ ತಡ, ಇಂಗ್ಲಿಷರೂ ಫ್ರೆಂಚರೂ ಇವರ ಎವೆ ಜನಾಂಗದ ನೆಲವನ್ನು ಯಾರಪ್ಪನ ಗಂಟೋ ಎಂಬಂತೆ ಪಾಲು ಮಾಡಿಕೊಂಡರು. ಅಜ್ಜನ ಮನೆ ಇತ್ತ ಉಳಿಯಿತು, ನೆಂಟರೆಲ್ಲ ಅತ್ತ. ಆದರೂ ಹೆಣ್ಣು ಕೊಡುವುದು, ತರುವುದು ನಿಲ್ಲಲಿಲ್ಲ. ಸೆನ್ಯೊ ಅವರ ಅಕ್ಕನ ಮೊಮ್ಮಗಳು ಮಾವುಯೇನಾ ಈ ಶನಿವಾರ ಟೋಗೋ ಕಡೆಯ ಊರಿಗೆ ರಾಣಿತಾಯಿಯಾಗಿ, ಅಂದರೆ ಊರ ಹೆಣ್ಣುಮಕ್ಕಳ ಮುಖ್ಯಸ್ಥೆಯಾಗಿ, ಪೀಠವೇರುತ್ತಾಳೆ. ಮಗ್ಗದಲ್ಲಿರುವುದು ಅವಳು ಉಡಬೇಕಾದ ಬಟ್ಟೆ.

ಹೋದ ವಾರ ಅದಕ್ಕೇ ಕುತ್ತು ಬಂದಿತ್ತು. ಟೋಗೋದ ಹೊಸ ಗಡಿ ಪೊಲೀಸಿನವನು ದಾರದ ಮುಂದೆ ಬಂದು ನಿಂತ.

"ಅಜ್ಜಾ, ಇದನ್ನ ಕತ್ತರಿಸಿ. ಗಡಿ ದಾಟೋ ಹಾಗಿಲ್ಲ."

ಮೆಕ್ಕೆಜೋಳದ ಹಿಟ್ಟು ತೊಳಸುತ್ತಿದ್ದ ಹೆಂಡತಿ ಡ್ಜಿಫಾ ತಲೆಯೆತ್ತಲಿಲ್ಲ. "ಕತ್ತರಿಸಪ್ಪ. ಶನಿವಾರ ರಾಣಿತಾಯಿ ಅರ್ಧ ಬಟ್ಟೆ ಉಟ್ಕೊಂಡು ಬರ್ತಾಳಲ್ಲ, ಆಗ ಜನಕ್ಕೆ ನೀನೇ ಉತ್ತರ ಹೇಳು."

"ಗಡಿ ಅಂದ್ರೆ ಗಡಿ ಅಮ್ಮಾ."

"ಆಗ್ಲಿ ಮಗಾ," ಎಂದರು ಸೆನ್ಯೊ. "ಗಡಿಕಲ್ಲು ಎಲ್ಲಿದೆ ತೋರ್ಸು. ಅಲ್ಲಿಗೆ ಸರಿಯಾಗಿ ಕತ್ತರಿಸ್ತೀನಿ."

ಅವನು ಪೊದೆ ಪೊದೆ ತಡಕಿ, ಬೆವರಿಳಿಸಿಕೊಂಡು ಬರಿಗೈಲಿ ಬಂದ. ಸೆನ್ಯೊ ಗದ್ದದಿಂದ ಹಲಗೆಯತ್ತ ತೋರಿಸಿದರು. ಅದರ ಮೇಲಿನ ಕಲ್ಲಿನಲ್ಲಿ ಬಿಳಿಯರು ಕೆತ್ತಿಸಿದ್ದ ಅಕ್ಷರಗಳು ಇನ್ನೂ ಮಸುಕಾಗಿ ಕಾಣುತ್ತಿದ್ದವು.

"ನಮ್ಮಜ್ಜ ಕಿತ್ಕೊಂಡು ಬಂದಿದ್ದು. ಒಳ್ಳೇ ಭಾರ ಇದೆ. ಈಗ ಹೇಳು, ದಾರ ಎಲ್ಲಿ ಗಡಿ ದಾಟಿದೆ?"

ದಾರ ಗಡಿಕಲ್ಲಿನವರೆಗೆ ಮಾತ್ರ ಹೋಗಿತ್ತು. ಪೊಲೀಸ್ ಹುಡುಗ ಬಿದ್ದು ಬಿದ್ದು ನಕ್ಕ, ಬೆಂಡೆಕಾಯಿ ಸಾರಿನಲ್ಲಿ ಮುದ್ದೆ ಉಂಡು ಹೋದ. ಈಗ ಗಸ್ತಿಗೆ ಬಂದಾಗ ದಾರ ತುಳಿಯುವ ಮೇಕೆಗಳನ್ನು ಅವನೇ ಅಟ್ಟುತ್ತಾನೆ.

ಇವತ್ತು ಬಿಸಿಲೇರುವ ಹೊತ್ತಿಗೆ ಬಟ್ಟೆ ಮುಗಿಯುತ್ತದೆ. ದೇಶ ಒಡೆದ ಕಲ್ಲು ಅಂಗಳ ದಾಟಿ ಸೆನ್ಯೊ ಅವರ ಕಾಲ ಬಳಿ ಬಂದು ನಿಂತಿದೆ. ಅವರು ಅದರ ಮೇಲಿನ ಧೂಳು ಕೊಡವುತ್ತಾರೆ.

"ನೆಟ್ಟೋರು ಎದ್ದು ಹೋದ್ರು. ಇದು ಮಾತ್ರ ಮೂರು ತಲೆಮಾರಿಂದ ನಮ್ಮನೇಲಿ ದುಡೀತಾ ಇದೆ."