ಅಶ್ವತ್ಥದ ಪೊಟರೆಯ ಮರಿಗಳು

ಪೊಟರೆಯೊಳಗೆ ಏನೋ ಹರಿದಾಡುತ್ತಿದೆ ಎಂದು ನನ್ನ ತಂಗಿ ಕಿರುಚಿದಾಗ ನಾನು ಅಂಗಡಿಯಲ್ಲಿ ಕೂತು ಯಾರದೋ ಬ್ಲೌಸಿಗೆ ಹುಕ್ಕು ಹೊಲಿಯುತ್ತಿದ್ದೆ. ಸೂಜಿ ಬೆರಳಿಗೇ ಚುಚ್ಚಿಕೊಂಡಿತು. ವಿಜಯನಗರದ ನಮ್ಮ ಅಡ್ಡರಸ್ತೆಯಲ್ಲಿ ನನ್ನ ಹೊಲಿಗೆ ಅಂಗಡಿಯ ಎದುರಿಗೇ ಅಶ್ವತ್ಥಕಟ್ಟೆ ಇದೆ. ಮರದ ಬುಡದಲ್ಲಿ ನಾಗರಕಲ್ಲುಗಳು, ಅವುಗಳ ಹಿಂದೆ ಸೊಂಟದೆತ್ತರಕ್ಕೆ ಕಾಂಡ ಕೊಳೆತು ಆಗಿರುವ ಒಂದು ಪೊಟರೆ. ಅದರಲ್ಲಿ ಮಳೆನೀರು ನಿಂತು, ಎಲೆ ಕೊಳೆತು, ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿರುತ್ತದೆ. ರಸ್ತೆ ದಾಟಿ ಓಡಿದವಳು ನಾನೂ ಬಗ್ಗಿ ನೋಡಿದೆ.

ಅಯ್ಯೋ ದೇವರೇ! ಬೂದಿ ಬಿಳುಪಿನ ಮೈ, ಒಂದು ಬೆರಳಗೆಣ್ಣಿನಷ್ಟು. ಒಂದೊಂದಕ್ಕೂ ಆ ಮೈಗಿಂತ ಎಷ್ಟೋ ಉದ್ದದ, ದಾರದಂಥ ಬಾಲ. ಮೈ ಕೆಳಗೆ ಕೆಸರಿನಲ್ಲಿ, ಬಾಲದ ತುದಿ ಮಾತ್ರ ನೀರಿನ ಮೇಲ್ಮೈಗೆ ತಾಗಿಕೊಂಡು ನಿಂತಿತ್ತು. ಹುಳುವಿಗೆ ಬಾಲ ಇರುವುದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಮೈಯೆಲ್ಲ ಜುಮ್ಮೆಂದು ಎರಡು ಹೆಜ್ಜೆ ಹಿಂದಕ್ಕೆ ಸರಿದೆ.

ತಂಗಿ ಮಾತ್ರ ಕೈಮುಗಿದು ನಿಂತಿದ್ದಳು. "ಮರಿಗಳು ಅಕ್ಕ! ನಾಗಪ್ಪನ ಮರಿಗಳು ನೋಡೇ!"

ಅವಳ ಮನೆ ಬ್ಯಾಡರಹಳ್ಳಿಯಲ್ಲಿ. ಮದುವೆಯಾಗಿ ಬಹಳ ವರ್ಷವಾಯಿತು. ಎರಡು ಸಲ ಬಸಿರಾದಳು, ಎರಡು ಸಲವೂ ನಿಲ್ಲಲಿಲ್ಲ. ಆಸ್ಪತ್ರೆ ಸುತ್ತಿದ್ದಾಯಿತು, ಹರಕೆ ಹೊತ್ತದ್ದಾಯಿತು. ಕೊನೆಗೆ ಯಾರೋ ಜಾತಕ ನೋಡಿ, ನಾಗದೋಷ, ಹಿಂದಿನವರು ಯಾರೋ ಹಾವಿನ ಮರಿ ಕೊಂದಿದ್ದಾರೆ, ಅದಕ್ಕೇ ಮಡಿಲು ತುಂಬುತ್ತಿಲ್ಲ ಅಂದುಬಿಟ್ಟರು. ಅಂದಿನಿಂದ ಪ್ರತಿ ಮಂಗಳವಾರ ಬಸ್ಸು ಹತ್ತಿ ಬಂದು, ಕಟ್ಟೆ ಸುತ್ತಿ, ಕಲ್ಲಿಗೆ ಹಾಲೆರೆದು ಹೋಗುತ್ತಿದ್ದಳು. ಇದರಲ್ಲೆಲ್ಲ ನನಗೆ ನಂಬಿಕೆ ಅಷ್ಟಕ್ಕಷ್ಟೆ. ಆದರೆ ಆ ನೆಪದಲ್ಲಾದರೂ ನನ್ನ ಮನೆಯಲ್ಲಿ ಒಂದು ಹೊತ್ತು ಉಣ್ಣುತ್ತಾಳಲ್ಲ ಎಂದು ತೆಪ್ಪಗಿದ್ದೆ.

ಕೂಗು ಕೇಳಿ ಮೂಲೆಮನೆ ಆಂಟಿ ಬಂದರು. ನಮ್ಮ ರಸ್ತೆಯಲ್ಲಿ ದೇವರ ವಿಷಯಕ್ಕೆ ಅವರದೇ ಕೊನೆಯ ಮಾತು. ಬಗ್ಗಿ ನೋಡಿದವರೇ ತಂಗಿಯ ಗಲ್ಲ ಹಿಡಿದು, "ನಾಗಪ್ಪ ಒಲಿದುಬಿಟ್ಟ ಕಣಮ್ಮ ನಿಂಗೆ. ಮೊದಲು ನಿನ್ನ ಕಣ್ಣಿಗೇ ಬಿದ್ದಿದಾವೆ ನೋಡು" ಎಂದರು.

"ಹುಳ ಆಂಟಿ ಇವು. ಹಾವಿನ ಮರಿ ಎಲ್ಲಾದ್ರೂ ಬಾಲ ಮೇಲೆ ಮಾಡ್ಕೊಂಡು ನೀರಲ್ಲಿ ನಿಂತಿರುತ್ತಾ?"

"ಬಿಡ್ತು ಅನ್ನು!" ಎಂದು ಆಂಟಿ ಗದರಿದರು. ತಂಗಿ ನನ್ನ ಮುಖವನ್ನೂ ನೋಡಲಿಲ್ಲ. "ನಿಂಗೆ ಯಾವತ್ತು ತಾನೇ ಒಳ್ಳೇದು ಕಂಡಿದೆ ಅಕ್ಕ?" ಎಂದಳು.

ಅಂದಿನಿಂದ ಬೀದಿಯವರೆಲ್ಲ ಕಲ್ಲಿಗೆ ಎರೆಯುವ ಹಾಲು ಪೊಟರೆಗೆ ಬೀಳತೊಡಗಿತು. ಜೊತೆಗೆ ಅರಿಶಿನ, ಕುಂಕುಮ, ಬಾಳೆಹಣ್ಣಿನ ತುಂಡು. ಮಂಗಳವಾರ ಮೊದಲ ಹಾಲು ನನ್ನ ತಂಗಿಯದೇ ಎಂದು ಆಂಟಿ ಗೊತ್ತುಮಾಡಿದರು. ಅವಳು ನಗುವುದನ್ನು ಎಷ್ಟೋ ಕಾಲದ ಮೇಲೆ ನೋಡಿದೆ. ನನ್ನ ಮನೆಯಲ್ಲಿ ಕೇಳಿ ಕೇಳಿ ಹುಳಿ ಹಾಕಿಸಿಕೊಂಡಳು. ಅದನ್ನು ನೋಡಿ ಸಂತೋಷಪಡುವುದು ಬಿಟ್ಟು ನನಗೆ ಭಯವಾಗತೊಡಗಿತು. ಇಷ್ಟು ಆಸೆ ಇಟ್ಟವಳಿಗೆ ನಾಳೆ ಗೊತ್ತಾದರೆ ಏನು ಗತಿ?

ನನ್ನದು ಮೊದಲಿಂದಲೂ ಹಟದ ಸ್ವಭಾವ, ಅವು ಏನಾಗುತ್ತವೋ ನೋಡೇ ತೀರಬೇಕು ಅನಿಸಿತು. ಒಂದು ಮಧ್ಯಾಹ್ನ ಕಟ್ಟೆಯಲ್ಲಿ ಯಾರೂ ಇಲ್ಲದ್ದು ನೋಡಿ, ಟೀ ಸೋಸುವ ಜಾಲರಿಯಿಂದ ನಾಲ್ಕಾರು ಹುಳು ಎತ್ತಿ, ಅದೇ ಪೊಟರೆಯ ಎಲೆ, ನೀರಿನ ಸಮೇತ ಉಪ್ಪಿನಕಾಯಿ ಬಾಟಲಿಗೆ ಹಾಕಿಕೊಂಡು ಬಂದೆ. ಬಾಟಲಿಯನ್ನು ಓರೆಯಾಗಿಟ್ಟು, ಹತ್ತಿ ಬರಲು ಜಾಗವಿರಲೆಂದು ಒಂದು ಬದಿಗೆ ಒಣಮಣ್ಣು ತುಂಬಿ, ಬಾಯಿಗೆ ಲೈನಿಂಗ್ ಬಟ್ಟೆ ಕಟ್ಟಿದೆ. ಇನ್ನಷ್ಟು ನೀರು ಹಾಕಿದರೆ ಬಾಲವೂ ಅಷ್ಟೇ ಉದ್ದ ಬೆಳೆದು ಮೇಲಕ್ಕೆ ಬಂತು! ಬಾಟಲಿ ಕೈಜಾರುವುದೊಂದು ಬಾಕಿ. ಅದು ಬಾಲವೇ ಅಲ್ಲ, ಉಸಿರಾಡುವ ಕೊಳವೆ ಎಂದು ಫೋನಿನಲ್ಲಿ ಹುಡುಕಿದ ಮೇಲೆ ತಿಳಿಯಿತು. ಕಾಡಿನ ಹಳೇ ಮರಗಳ ಪೊಟರೆಯಲ್ಲಿ, ಕೊಳೆತದ್ದನ್ನು ತಿಂದು ಬೆಳೆಯುವ ಒಂದು ಜಾತಿಯ ನೊಣದ ಮರಿಗಳಂತೆ. ಮೆಟ್ರೋ ಕಂಬಗಳ ಪಕ್ಕದ ಈ ಬೀದಿಯಲ್ಲಿ ಅವಕ್ಕೆ ಸಿಕ್ಕ ಕಾಡು ಇದೊಂದೇ ಮರ.

ಕೆಲವು ದಿನಕ್ಕೆ ಅವು ನೀರು ಬಿಟ್ಟು ಮಣ್ಣಿಗೆ ತೆವಳಿದವು. ಮೈ ಕುಗ್ಗಿ, ಕಂದಾಗಿ, ಬಾಲ ಮುರುಟಿ, ಒಣದ್ರಾಕ್ಷಿಯಂತಾಗಿ ಅಲ್ಲಾಡದೆ ಬಿದ್ದವು. ಸತ್ತೇಹೋದವು ಅಂದುಕೊಂಡೆ. ಬಿಸಾಡಲು ಮನಸ್ಸಾಗದೆ ಹಾಗೇ ಬಿಟ್ಟೆ.

ಒಂದು ಮಂಗಳವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದರೆ ಬಾಟಲಿಯೊಳಗೆ ಕಣಜ! ಕಪ್ಪು ಮೈ, ಹಳದಿ ಪಟ್ಟೆ. ಅಳತೆಯ ಸ್ಕೇಲು ಎತ್ತಿಕೊಂಡು ಹೊಡೆಯಲು ಹೋದವಳು ಬಟ್ಟೆ ಕಟ್ಟಿದ್ದು ನೆನಪಾಗಿ ನಿಂತೆ. ಹತ್ತಿರ ಹೋಗಿ ನೋಡಿದೆ. ರೆಕ್ಕೆ ಒಂದೇ ಜೊತೆ. ಕಣಜದ ಆ ಸಣ್ಣ ನಡು ಇಲ್ಲ. ತಲೆಯ ತುಂಬ ಕಣ್ಣೇ. ಮಣ್ಣಿನ ಮೇಲೆ ಒಂದು ಕಂದು ಸಿಪ್ಪೆ ಬಾಯಿ ತೆರೆದು ಬಿದ್ದಿತ್ತು. ಆ ನೊಣ ಮೇಲೆದ್ದು, ಯಾರೋ ಕಾಣದ ದಾರದಲ್ಲಿ ಕಟ್ಟಿ ಹಿಡಿದಂತೆ, ಗಾಳಿಯಲ್ಲಿ ಒಂದೇ ಕಡೆ ನಿಂತಿತು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಾ ಕೂತೆ.

ಆಗಲೇ ಕಟ್ಟೆಯ ಕಡೆಯಿಂದ ಗದ್ದಲ ಕೇಳಿತು. ಹೋಗಿ ನೋಡಿದರೆ ಪೊಟರೆಯ ಹಾಲು ಒಡೆದು, ಮೇಲೆಲ್ಲ ಹಳದಿ ಕೆನೆ ಕಟ್ಟಿ ಗಬ್ಬು ನಾರುತ್ತಿತ್ತು. ಆ ಕೆನೆಯಲ್ಲಿ ಉಸಿರು ಕಟ್ಟಿ ಮರಿಗಳೆಲ್ಲ ಸತ್ತು ತೇಲುತ್ತಿದ್ದವು. ತಂಗಿ ಹಾಲಿನ ಚೊಂಬು ಹಿಡಿದು ಕಲ್ಲಾಗಿ ನಿಂತಿದ್ದಳು.

"ಮೊದಲನೇ ಹಾಲು ನಿಂದೇ ಅಲ್ವೇನಮ್ಮ?" ಎಂದು ಆಂಟಿ ಎಲ್ಲರೆದುರು ಕೇಳಿದರು. "ಮೈಲಿಗೇಲಿ ಏನಾದ್ರೂ ಬಂದಿದ್ಯಾ?"

ಅವತ್ತು ಅವಳ ಗಲ್ಲ ಹಿಡಿದವರೂ ಇವರೇ. ತಂಗಿಯ ರಟ್ಟೆ ಹಿಡಿದು ಅಂಗಡಿಗೆ ಎಳೆದುಕೊಂಡು ಬಂದೆ. ಅವಳು ಬಟ್ಟೆ ಚೂರುಗಳ ನಡುವೆ ನೆಲದ ಮೇಲೇ ಕುಸಿದಳು. ಹಾಲಿನ ಚೊಂಬು ಇನ್ನೂ ಕೈಯಲ್ಲೇ ಇತ್ತು.

"ಮರಿ ಕೊಂದ ದೋಷ ಕಳೆಯೋಕೆ ಬಂದು ನಾನೇ ಮರಿ ಕೊಂದೆ ಅಕ್ಕ. ಇನ್ನು ಮುಗೀತು ನಂದು."

ನಾನು ಬಾಟಲಿ ತಂದು ಅವಳ ಮುಂದಿಟ್ಟೆ. "ನೋಡೇ ಇಲ್ಲಿ. ಇದೇ ನಿನ್ನ ನಾಗರ ಮರಿ. ಅದೇ ಪೊಟರೆಯಿಂದ ತಂದಿದ್ದು, ಈಗ ನೊಣ ಆಗಿದೆ. ಕುಟುಕಲ್ಲ, ಏನಿಲ್ಲ, ಕಣಜದ ವೇಷ ಅಷ್ಟೆ. ಹೂವಿನ ರಸ ಕುಡ್ಕೊಂಡಿರುತ್ತೆ, ಮೊಟ್ಟೆ ಇಡೋಕೆ ಮತ್ತೆ ಪೊಟರೆ ಇರೋ ಮರ ಹುಡುಕ್ಕೊಂಡು ಹೋಗುತ್ತೆ."

ಅವಳು ಬಾಟಲಿಯ ಹತ್ತಿರಕ್ಕೆ ಮುಖ ತಂದು ನೋಡಿದಳು. "ಹಂಗಾದ್ರೆ ನಂಗೆ ಯಾರೂ ಒಲಿದಿರಲಿಲ್ವಾ?"

ನಾನೂ ಅವಳ ಪಕ್ಕ ನೆಲದ ಮೇಲೆ ಕೂತೆ. "ನೀನು ಹಾವಿನ ಮರಿ ಕೊಂದಿಲ್ಲ ಕಣೇ. ದೋಷ ಗೀಷ ಏನೂ ಇಲ್ಲ. ಸತ್ತಿದ್ದು ಬರೀ ನೊಣದ ಮರಿಗಳು" ಎಂದೆ.

ಇಷ್ಟು ಕೇಳಿ ಹಗುರಾಗುತ್ತಾಳೆ ಎಂದುಕೊಂಡಿದ್ದೆ. ಅವಳು ತಲೆಯೆತ್ತಿ ನನ್ನನ್ನು ನೋಡಿದ ನೋಟಕ್ಕೆ ನಾನೇ ಬೆಚ್ಚಿದೆ.

"ಬರೀ ಅನ್ನಬೇಡ ಅಕ್ಕ."

ಎದ್ದವಳೇ ನನ್ನ ಬಕೆಟ್ಟಿನಲ್ಲಿ ನೀರು ಹಿಡಿದುಕೊಂಡು ರಸ್ತೆ ದಾಟಿದಳು. ಹುಳು ಕಂಡರೆ ನಾನು ಮಾರು ದೂರ ನಿಲ್ಲುವವಳು. ಅವಳು ಮೊಣಕೈವರೆಗೆ ಆ ನಾರುವ ಹಾಲಿಗೆ ಕೈಹಾಕಿ, ಮೊಗೆದು ಮೊಗೆದು ಚೆಲ್ಲಿದಳು. ಹೊಸ ನೀರು ತುಂಬಿದಳು. ತಳದ ಕೊಳೆತ ಎಲೆಗಳನ್ನು ಮೆತ್ತಗೆ ಸರಿಸಿ ನೋಡಿದಳು. ಒಂದೆರಡು ಇನ್ನೂ ಮಿಸುಕಾಡುತ್ತಿದ್ದವು.

ಅಷ್ಟರಲ್ಲಿ ಪಕ್ಕದ ಬೀದಿಯ ಹೆಂಗಸೊಬ್ಬರು ಹಾಲಿನ ಲೋಟ ಹಿಡಿದು ಬಂದು ಪೊಟರೆಗೆ ಬಗ್ಗಿಸಲು ಹೋದರು. ತಂಗಿ ತನ್ನ ಒದ್ದೆ ಕೈಯನ್ನು ಅಡ್ಡ ಹಿಡಿದಳು.

"ಹಾಲು ಕಲ್ಲಿಗೆ ಹಾಕಿ ಆಂಟಿ. ಇಲ್ಲಿ ಮಕ್ಕಳಿದಾವೆ."